ಮನೆಯಂಗಳದ ಹವಾಮಾನ ಕೇಂದ್ರ

ಉತ್ತರ ಒಳನಾಡಿನ ಕೆಲವೆಡೆ ಮಳೆಯಾಗುವ ಸಂಭವವಿದೆ ಎಂಬ ಮಾತನ್ನು ರೇಡಿಯೋ ಇರುವ ಮನೆಯವರೆಲ್ಲ ಕೇಳಿಯೇ ಇರುತ್ತಾರೆ. ಕೇಳಿದೊಡನೆ ಏಳುವ ಪ್ರಶ್ನೆಯೂ ಎಲ್ಲರಿಗೂ ಒಂದೇ: ಆ ‘ಕೆಲವೆಡೆ’ಗಳಲ್ಲಿ ನಮ್ಮ ಊರು ಸೇರಿದೆಯೋ ಇಲ್ಲವೋ? ಹವಾಮಾನ ಇಲಾಖೆಯವರು ಈ ಮಾತುಗಳನ್ನು ಬಾಯಿಗೆ ಬಂದಂತೆ ಬಳಸುವುದಿಲ್ಲ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ಕಂಡರೆ ‘ಒಂದೆರಡು ಕಡೆ’. 26ರಿಂದ 50ರವರೆಗಾದರೆ ‘ಕೆಲವೆಡೆ’. 51ರಿಂದ 75ರವರೆಗೆ ‘ಹಲವೆಡೆ’. ಅದಕ್ಕೂ ಮೇಲಾದರೆ ‘ಬಹುತೇಕ ಎಲ್ಲೆಡೆ’. ಹಾಗಾದರೆ ‘ಕೆಲವೆಡೆ ಮಳೆ’ ಎಂದು ಕೇಳಿದ ದಿನ ಅರ್ಧಕ್ಕಿಂತ ಹೆಚ್ಚು ಊರುಗಳು ಒಣಗಿಯೇ ಉಳಿದರೂ ರೇಡಿಯೋ ಹೇಳಿದ್ದು ಸುಳ್ಳಾಗುವುದಿಲ್ಲ.

ರಾಯಚೂರು ಜಿಲ್ಲೆಯ ನಮ್ಮ ಬಳಗಾನೂರಿನಂಥ ಊರುಗಳಲ್ಲಿ ಈ ಲೆಕ್ಕ ಬರಿಯ ಕುತೂಹಲದ ಮಾತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ನಮ್ಮ ಜಿಲ್ಲೆಯ ಪಾಲಿಗೆ ಬರುವುದು ಸುಮಾರು 600 ಮಿಲಿಮೀಟರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹತ್ತುವ ಗದ್ದೆಗಳ ಮಾತು ಬೇರೆ. ಕಾಲುವೆಯ ಮೇಲ್ಗಡೆಯ ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ಆಕಾಶವೇ ಗತಿ. ಇಲ್ಲಿಯ ಮಳೆಯೋ ತುಂಡುತುಂಡಾಗಿ ಬೀಳುವಂಥದು. ಹಳ್ಳದ ಈಚೆ ಬದುಗಳು ಒಡೆದುಹೋಗುವಂತೆ ಸುರಿದ ದಿನವೇ ಆಚೆ ಧೂಳು ಸಹ ಅಡಗಿರುವುದಿಲ್ಲ. ಪಕ್ಕದೂರಿನ ಮಳೆಯ ಸುದ್ದಿ ನಂಬಿ ಬಿತ್ತಿದವನ ಬೀಜ ಮಣ್ಣಿನಲ್ಲೇ ಹುರಿದುಹೋಗುವುದುಂಟು. ಆದುದರಿಂದ ನಮ್ಮ ಊರಿನ ಮಳೆ ಎಷ್ಟು, ನಮ್ಮ ಬಿಸಿಲು ಎಷ್ಟು ಎಂಬುದನ್ನು ನಾವೇ ಅಳೆದು ತಿಳಿದುಕೊಳ್ಳುವುದು ಒಳ್ಳೆಯದು. ಅದಕ್ಕೆ ಬೇಕಾದ ಸಣ್ಣ ಯಂತ್ರಗಳು ಈಗ ಪೇಟೆಯಲ್ಲಿ ಸಿಗುತ್ತವೆ. ಮನೆಯೊಳಗೆ ಒಂದು ಪೆಟ್ಟಿಗೆ, ಹೊರಗೆ ಒಂದು ಸೆನ್ಸರ್, ನಡುವೆ ತಂತಿಯಿಲ್ಲ. ಇದನ್ನು ಕೊಳ್ಳುವುದು ಸುಲಭ, ಸರಿಯಾಗಿ ನಿಲ್ಲಿಸುವುದೇ ಕಷ್ಟ. ಆ ಕಷ್ಟದ ಭಾಗವನ್ನೇ ಇಲ್ಲಿ ಹೆಚ್ಚಾಗಿ ವಿವರಿಸುತ್ತೇನೆ.

ಹವೆ ಮತ್ತು ಮಾನ

‘ಹವಾಮಾನ’ ಎಂಬ ಪದ ಎರಡು ಮನೆಗಳಿಂದ ಕೂಡಿಬಂದುದು. ‘ಹವಾ’ ಅರಬ್ಬಿ ಮೂಲದ್ದು, ಉರ್ದುವಿನ ಹಾದಿಯಲ್ಲಿ ನಮಗೆ ಒದಗಿದ ಮಾತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಗೆ ಅದೇನೂ ಪರಕೀಯವಲ್ಲ. ‘ಮಾನ’ ಸಂಸ್ಕೃತ, ಅಳತೆ ಎಂದರ್ಥ. ಹಳೆಯ ವೈಯಾಕರಣರ ಕಣ್ಣಿಗೆ ಈ ಬೆರಕೆ ಅರಿಸಮಾಸದ ಜಾತಿಯದೆಂದು ತೋರೀತು. ತೋರಿದರೂ ಅರ್ಥಕ್ಕೆ ಊನವಿಲ್ಲ. ಹವೆ ಪ್ರಕೃತಿಯದು, ಮಾನ ಮನುಷ್ಯನದು. ಅಳತೆ ತಪ್ಪಿದರೆ ಉಳಿಯುವುದು ಬರಿಯ ಹವೆ.

ಮಳೆಯನ್ನು ಅಳೆಯುವುದು ನಮ್ಮ ದೇಶಕ್ಕೆ ಹೊಸತೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಧಾನ್ಯದ ಕೋಷ್ಠಾಗಾರದಲ್ಲಿ ಒಂದು ಮೊಳ ಬಾಯಗಲದ ಕುಂಡವನ್ನು ಮಳೆಯಳೆಯಲು ಇಡಬೇಕೆಂಬ ವಿಧಿಯಿದೆ. ಭಾರತ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾಯಿತು. ನಮ್ಮ ರಾಜ್ಯದಲ್ಲಿ 1988ರಲ್ಲಿ ಬರಗಾಲವನ್ನು ಗಮನಿಸಲೆಂದು ಹುಟ್ಟಿದ ಒಂದು ಸಣ್ಣ ಘಟಕವೇ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನೂ, ಹೋಬಳಿಗಳ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಅದು ನಿಲ್ಲಿಸಿದೆ. ಅವುಗಳ ಅಂಕಿಗಳು ತಂತಿಯಿಲ್ಲದೆ ತಾವಾಗಿಯೇ ಬೆಂಗಳೂರನ್ನು ಮುಟ್ಟುತ್ತವೆ. ಊರೂರಿನ ಮಳೆಯನ್ನು ಇಷ್ಟು ಒತ್ತಾಗಿ ಅಳೆಯಬೇಕೆಂದು ಸರಕಾರಕ್ಕೇ ತೋರಿರುವಾಗ, ಮನೆಯವರಿಗೆ ತೋರುವುದರಲ್ಲಿ ಆಶ್ಚರ್ಯವೇನು?

ತಂತಿಯಿಲ್ಲದ ಮಾತುಕತೆ

ಹೊರಗಿನ ಸೆನ್ಸರನ್ನು ಪಠ್ಯಪುಸ್ತಕಗಳು ‘ಸಂವೇದಕ’ ಎನ್ನುತ್ತವೆ. ಅದು ಉಷ್ಣಾಂಶವನ್ನೂ ಗಾಳಿಯ ತೇವವನ್ನೂ ಅಳೆದು, ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಒಳಗಿನ ಪೆಟ್ಟಿಗೆಗೆ ಹೇಳಿಕಳಿಸುತ್ತದೆ. ಇದು ಚಿಕ್ಕದೊಂದು ರೇಡಿಯೋ ಪ್ರಸಾರವೇ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಿಂದ ಪ್ರಸಾರವನ್ನಾರಂಭಿಸಿ ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದರಷ್ಟೆ. ಈಗಿನ ಈ ಯಂತ್ರವೂ ಮನೆಯಿಂದಲೇ ಪ್ರಸಾರ ಮಾಡುತ್ತದೆ. ಆದರೆ ಅದರ ಕೇಳುಗ ಒಬ್ಬನೇ, ಅವನೂ ಒಳಮನೆಯ ಗೂಡಿನಲ್ಲಿ ಕುಳಿತವನು.

ಮಧ್ಯಮ ತರಂಗದ ಒಂದು ಅಲೆಯ ಉದ್ದ ನೂರಾರು ಮೀಟರು, ಎಫ್.ಎಂ. ಅಲೆಯದು ಸುಮಾರು 3 ಮೀಟರು. ಈ ಸೆನ್ಸರುಗಳು ಹೆಚ್ಚಾಗಿ 433 ಅಥವಾ 868 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಾತನಾಡುತ್ತವೆ. ಮೊದಲನೆಯದರ ಅಲೆ ಸುಮಾರು ಒಂದೂವರೆ ಮೊಳ, ಎರಡನೆಯದರದು ಅದರ ಅರ್ಧ. ಇಷ್ಟು ಗಿಡ್ಡ ಅಲೆಗಳು ದಪ್ಪ ಗೋಡೆಯಲ್ಲಿ ಸೊರಗುತ್ತವೆ, ತಗಡನ್ನು ದಾಟಲಾರವು. ನಮ್ಮ ಕಡೆಯ ಕಲ್ಲುಗೋಡೆಯ ಮಾಳಿಗೆ ಮನೆಗಳಲ್ಲಿ ಇದನ್ನು ಮರೆಯಬಾರದು. ಬಯಲಿನಲ್ಲಿ ನೂರು ಮೀಟರು ಮುಟ್ಟುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೂ ಎರಡು ಕಲ್ಲುಗೋಡೆಗಳಾಚೆ ಇಪ್ಪತ್ತು ಮೀಟರು ಮುಟ್ಟಿದರೆ ಸಾಕೆನ್ನಬೇಕು. ಕೊಳ್ಳುವಾಗ ಇನ್ನೊಂದು ಎಚ್ಚರ: ಅಮೆರಿಕದ ಪೇಟೆಗೆಂದು ಮಾಡಿದ ಯಂತ್ರಗಳಲ್ಲಿ ಹಲವು 915 ಮೆಗಾಹರ್ಟ್ಸಿನಲ್ಲಿ ಪ್ರಸಾರ ಮಾಡುತ್ತವೆ. ನಮ್ಮ ದೇಶದಲ್ಲಿ ಪರವಾನಿಗೆಯಿಲ್ಲದೆ ಇಂಥ ಸಣ್ಣ ಯಂತ್ರಗಳಿಗೆ ಬಿಟ್ಟುಕೊಟ್ಟಿರುವ ಪಟ್ಟಿಗಳಲ್ಲಿ 865ರಿಂದ 868ರವರೆಗಿನದು ಒಂದು, 915 ಅದರಲ್ಲಿಲ್ಲ. ಆದುದರಿಂದ ಹೊರದೇಶದ ನೆಂಟರ ಕೈಯಲ್ಲಿ ತರಿಸುವವರು ಮೊದಲು ಆ ಅಂಕಿಯನ್ನು ಓದಿಕೊಳ್ಳಬೇಕು.

ಎರಡನ್ನೂ ಹೊಂದಿಸುವ ಕ್ರಮ ಹೀಗೆ. ಸೆನ್ಸರನ್ನೂ ಪೆಟ್ಟಿಗೆಯನ್ನೂ ಮೊದಲು ಒಂದೇ ಮೇಜಿನ ಮೇಲೆ ಒಂದೆರಡು ಮೀಟರು ಅಂತರದಲ್ಲಿ ಇಡಿರಿ. ಸೆನ್ಸರಿನ ಹಿಂಬದಿಯಲ್ಲಿ 1, 2, 3 ಎಂಬ ಚಾನೆಲ್ ಗುಂಡಿಯಿದ್ದರೆ ಒಂದರಲ್ಲಿ ನಿಲ್ಲಿಸಿರಿ. ಸಾಮಾನ್ಯವಾಗಿ ಸೆನ್ಸರಿಗೆ ಮೊದಲು ಸೆಲ್ಲು ಹಾಕಿ, ಬಳಿಕ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆ ಕೆಲವು ನಿಮಿಷ ಸೆನ್ಸರಿನ ಸದ್ದಿಗೆ ಕಿವಿಗೊಟ್ಟು ಕುಳಿತಿರುತ್ತದೆ. ಆ ಹೊತ್ತಿನಲ್ಲಿ ಗುಂಡಿಗಳನ್ನು ಒತ್ತುತ್ತ ಹೋಗಬಾರದು. ಹೊರಗಿನ ಅಂಕಿ ಮೂಡಿದ ಮೇಲೆ ಒಂದು ರಾತ್ರಿ ಎರಡನ್ನೂ ಜೊತೆಯಲ್ಲೇ ಬಿಟ್ಟು, ಬೆಳಗ್ಗೆ ಒಳಗಿನ ಹೊರಗಿನ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡಿರಿ. ಅರ್ಧ ಡಿಗ್ರಿ ವ್ಯತ್ಯಾಸ ಲೆಕ್ಕಕ್ಕಿಲ್ಲ. ಎರಡು ಡಿಗ್ರಿಯಾದರೆ ಅಂಗಡಿಗೆ ಹಿಂದಿರುಗಿಸಿರಿ. ಮುಂದೆ ಸೆನ್ಸರಿನ ಸೆಲ್ಲು ಬದಲಿಸಿದಾಗ ಹೊರಗಿನ ಅಂಕಿ ಮಾಯವಾದರೆ ಗಾಬರಿ ಬೇಡ. ಹಲವು ಯಂತ್ರಗಳಲ್ಲಿ ಸೆಲ್ಲು ತೆಗೆದೊಡನೆ ಸೆನ್ಸರು ಹೊಸ ಗುರುತು ತಾಳುತ್ತದೆ. ಪೆಟ್ಟಿಗೆಗೆ ಅದನ್ನು ಮತ್ತೆ ಪರಿಚಯಿಸಬೇಕು.

ಪೆಟ್ಟಿಗೆಯನ್ನು ಮೊಬೈಲ್ ಚಾರ್ಜರು, ಎಲ್.ಇ.ಡಿ. ದೀಪಗಳಿಂದ ಒಂದು ಮಾರು ದೂರವಿಡುವುದು ಲೇಸು. ಇವುಗಳ ಕರೆಕರೆ ತಿಳಿಯಬೇಕಾದರೆ ರೇಡಿಯೋವನ್ನೇ ಪರೀಕ್ಷಕನನ್ನಾಗಿ ಮಾಡಿಕೊಳ್ಳಬಹುದು. ಮಧ್ಯಮ ತರಂಗದಲ್ಲಿ ಎರಡು ನಿಲಯಗಳ ನಡುವೆ ಮುಳ್ಳು ನಿಲ್ಲಿಸಿ, ರೇಡಿಯೋವನ್ನು ಆ ಚಾರ್ಜರಿನ ಹತ್ತಿರ ಒಯ್ದರೆ ಗರಗರ ಶಬ್ದ ಏರುವುದು ಕೇಳಿಸುತ್ತದೆ. ಶಬ್ದ ಅಡಗುವಷ್ಟು ದೂರವೇ ಪೆಟ್ಟಿಗೆಗೂ ತಕ್ಕ ದೂರ.

ನೆರಳೇ ಮುಖ್ಯ

ನಮ್ಮಲ್ಲಿ ‘ಇವತ್ತಿನ ಬಿಸಿಲು 42 ಡಿಗ್ರಿ’ ಎನ್ನುವುದು ರೂಢಿ. ಆದರೆ ಹವಾಮಾನ ವರದಿಯ 42 ಬಿಸಿಲಿನದಲ್ಲ, ನೆರಳಿನದು. ಅಳೆಯಬೇಕಾದುದು ಗಾಳಿಯ ಬಿಸಿಯನ್ನು. ಬಿಸಿಲಿನಲ್ಲಿಟ್ಟ ಸೆನ್ಸರು ಗಾಳಿಯನ್ನು ಬಿಟ್ಟು ತನ್ನ ಮೈಯ ಪ್ಲಾಸ್ಟಿಕ್ಕು ಎಷ್ಟು ಕಾದಿದೆ ಎಂಬುದನ್ನು ಹೇಳುತ್ತದೆ. ಪಡುವಣ ಗೋಡೆಗೆ ಮೊಳೆ ಹೊಡೆದು ತೂಗಹಾಕಿದರೆ ಗೋಡೆಯ ಕಾವನ್ನು, ತಗಡಿನ ಕೆಳಗೆ ಕಟ್ಟಿದರೆ ತಗಡಿನ ಕಾವನ್ನು ಹೇಳುತ್ತದೆ. ಇಂಥ ಸೆನ್ಸರು ನಮ್ಮ ಮೇ ತಿಂಗಳಲ್ಲಿ 50ನ್ನು ತೋರಿಸಿದರೆ ಅದು ಹೆಮ್ಮೆಯ ಸಂಗತಿಯೂ ಅಲ್ಲ, ಪತ್ರಿಕೆಗೆ ಬರೆಯುವ ಸಂಗತಿಯೂ ಅಲ್ಲ. ಸೆನ್ಸರಿನ ಜಾಗ ಬದಲಿಸಬೇಕೆಂಬ ಸೂಚನೆ, ಅಷ್ಟೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್ ಎಂಬ ಎಂಜಿನಿಯರು ಇದಕ್ಕೊಂದು ಉಪಾಯ ಕಂಡುಕೊಟ್ಟನು. ಬಿಳಿಯ ಬಣ್ಣ ಬಳಿದ, ನಾಲ್ಕೂ ಕಡೆ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಮರದ ಗೂಡದು. ಗಾಳಿ ಒಳಹೊಕ್ಕು ಹೊರಡುತ್ತದೆ, ಬಿಸಿಲು ಮತ್ತು ಮಳೆ ಒಳಬರಲಾರವು. ಹವಾಮಾನ ಕೇಂದ್ರಗಳ ಅಂಗಳದಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತಿರುವ ಈ ಬಿಳಿಯ ಪೆಟ್ಟಿಗೆಯನ್ನು ಹಲವರು ಕಂಡಿರಬಹುದು. ಮನೆಯಲ್ಲಿ ಅದರ ಬದಲು ಏಳೆಂಟು ಬಿಳಿಯ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲಾಗಿ, ಒಂದರ ಮೇಲೊಂದು ಎರಡು ಬೆರಳು ಸಂದು ಬಿಟ್ಟು ಉದ್ದನೆಯ ಬೋಲ್ಟುಗಳಿಂದ ಜೋಡಿಸಬಹುದು. ಮೇಲಿನ ಎರಡನ್ನು ಬಿಟ್ಟು ಉಳಿದವುಗಳ ನಡುಭಾಗ ಕತ್ತರಿಸಿ, ಆ ಟೊಳ್ಳಿನಲ್ಲಿ ಸೆನ್ಸರನ್ನು ತೂಗಬಿಟ್ಟರೆ ಆಯಿತು. ತಟ್ಟೆ ಬೆಳಕು ತೂರದಷ್ಟು ದಪ್ಪವಿರಲಿ. ಲೋಹದ ತಟ್ಟೆ ಬೇಡ. ಅದು ಕಾಯುವುದಲ್ಲದೆ ಪ್ರಸಾರವನ್ನೂ ತಡೆಯುತ್ತದೆ.

ನೆಲದಿಂದ ಎದೆಯ ಎತ್ತರದಲ್ಲಿ, ಎಂದರೆ ಒಂದೂಕಾಲರಿಂದ ಎರಡು ಮೀಟರಿನೊಳಗೆ, ಮಣ್ಣು ಅಥವಾ ಹುಲ್ಲಿನ ನೆಲದ ಮೇಲೆ ನೆಟ್ಟ ಕಂಬವೇ ಇದಕ್ಕೆ ಒಳ್ಳೆಯ ಸ್ಥಳ. ಸಿಮೆಂಟಿನ ಅಂಗಳ, ಏರ್ ಕೂಲರಿನ ಬಾಯಿ, ಅಡುಗೆಮನೆಯ ಹೊಗೆಗಿಂಡಿ, ನೀರಿನ ತೊಟ್ಟಿ ಇವುಗಳಿಂದ ದೂರವಿರಬೇಕು. ಅಂಗಳವಿಲ್ಲದವರಿಗೆ ಬಡಗಣ ಗೋಡೆ ಆಗಬಹುದು. ಆದರೆ ಗೋಡೆಗೆ ತಾಗಿಸದೆ ಒಂದು ಮೊಳ ಮುಂದಕ್ಕೆ ಚಾಚಿದ ಪಟ್ಟಿಯ ತುದಿಗೆ ಕಟ್ಟಬೇಕು. ನಮ್ಮ ಅಕ್ಷಾಂಶದಲ್ಲಿ ಮೇ ನಡುವಿನಿಂದ ಜುಲೈವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಬಡಗಣಕ್ಕೆ ವಾಲಿರುವುದರಿಂದ, ಆ ಗೋಡೆಗೂ ಬಿಸಿಲು ಬೀಳುತ್ತದೆಂಬುದನ್ನು ನೆನಪಿಡಬೇಕು. ತಟ್ಟೆಗಳ ಗೂಡು ಅಲ್ಲಿಯೂ ಬೇಕು.

ತೇವದ ಅಂಕಿ ಸರಿಯೇ ಎಂದು ನೋಡಲು ಅಡುಗೆಮನೆಯ ಉಪ್ಪು ಸಾಕು. ಒಂದು ಸಣ್ಣ ಬಟ್ಟಲಲ್ಲಿ ಉಪ್ಪು ಹಾಕಿ, ಕರಗಿಹೋಗದಂತೆ ಕೆಸರಿನ ಹದಕ್ಕೆ ನೀರು ಬೆರೆಸಿರಿ. ಸೆನ್ಸರನ್ನೂ ಬಟ್ಟಲನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ತೇವ ನೂರಕ್ಕೆ 75 ಆಸುಪಾಸು ತೋರಬೇಕು. ಇದು ವಿಜ್ಞಾನಶಾಲೆಗಳಲ್ಲಿಯೂ ಬಳಸುವ ಕ್ರಮ. ಹಿರಿಯರೂ ಮಕ್ಕಳೂ ಇರುವ ಮನೆಗಳಲ್ಲಿ ಬಿಸಿಯ ಅಂಕಿಯಷ್ಟೇ ತೇವದ ಅಂಕಿಯೂ ಬೇಕಾದುದು. ತೇವ ಹೆಚ್ಚಿದ ದಿನ ಬೆವರು ಆರದೆ ಮೈಯ ಕಾವು ಇಳಿಯುವುದಿಲ್ಲ. ಅಂಥ ದಿನದ 38 ಒಣ ಹವೆಯ 42ಕ್ಕಿಂತ ಹೆಚ್ಚು ಬಾಧಿಸಬಹುದು.

ಮಳೆಯ ಲೆಕ್ಕ

ಸ್ವಲ್ಪ ದೊಡ್ಡ ಯಂತ್ರಗಳಲ್ಲಿ ಮಳೆಮಾಪಕವೂ ಇರುತ್ತದೆ. ಆಲಿಕೆಯ ಕೆಳಗೆ ತೂಗುಮಣೆಯಂತೆ ಎರಡು ಪುಟ್ಟ ದೊನ್ನೆಗಳು. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಒಮ್ಮೆ ವಾಲಿದರೆ ಇಂತಿಷ್ಟು ಮಳೆ, ಹಲವು ಯಂತ್ರಗಳಲ್ಲಿ 0.2 ಮಿಲಿಮೀಟರು ಎಂದು ಲೆಕ್ಕ. ಇದರ ಪರೀಕ್ಷೆಯೂ ಸುಲಭ. ಆಲಿಕೆಯ ಬಾಯಿ 12 ಸೆಂಟಿಮೀಟರು ಅಡ್ಡಳತೆಯ ದುಂಡಾಗಿದ್ದರೆ ಅದರ ವಿಸ್ತೀರ್ಣ ಸುಮಾರು 113 ಚದರ ಸೆಂಟಿಮೀಟರು. 113 ಮಿಲಿಲೀಟರು ನೀರನ್ನು, ಸೂಜಿಯಷ್ಟು ತೂತಿರುವ ಡಬ್ಬಿಯಿಂದ ಅರ್ಧ ಗಂಟೆ ತೊಟ್ಟಿಕ್ಕಿಸಿದರೆ ಪೆಟ್ಟಿಗೆ 10 ಮಿಲಿಮೀಟರು ತೋರಬೇಕು. ಒಮ್ಮೆಲೇ ಸುರಿದರೆ ದೊನ್ನೆಗಳು ತಬ್ಬಿಬ್ಬಾಗಿ ಲೆಕ್ಕ ತಪ್ಪುತ್ತದೆ.

ಮಳೆಮಾಪಕಕ್ಕೆ ಬೇಕಾದುದು ತೆರೆದ ಬಯಲು. ಮರವಾಗಲಿ ಗೋಡೆಯಾಗಲಿ ಅದರ ಬಾಯಿಗಿಂತ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರದಲ್ಲಿರಬೇಕು. ಬೇವಿನ ಮರದ ಕೆಳಗಿಟ್ಟರೆ ಮಳೆ ತಪ್ಪುವುದಲ್ಲದೆ ಹೂವು ಎಲೆಗಳು ಆಲಿಕೆಯನ್ನು ಕಟ್ಟುತ್ತವೆ. ನಮ್ಮ ಬೇಸಗೆಯ ಧೂಳು ಒಂದು ಬಗೆಯ ಗಾರೆಯೇ. ಮಿರುಗದ ಮಳೆಗೆ ಮುನ್ನ ಒಮ್ಮೆ, ಆಮೇಲೆ ಹದಿನೈದು ದಿನಗಳಿಗೊಮ್ಮೆ ಆಲಿಕೆ ತೊಳೆದು, ಇರುವೆ ಜೇಡಗಳು ಒಳಗೆ ಮನೆಮಾಡದಂತೆ ನೋಡಿಕೊಳ್ಳಬೇಕು. ಗಾಳಿಯ ವೇಗದ ಅಳತೆಯನ್ನು ಮಾತ್ರ ಮನೆಯವರು ಬಹಳ ನಂಬದಿರುವುದೇ ಮೇಲು. ಹವಾಮಾನ ಕೇಂದ್ರಗಳು ಅದನ್ನು ಬಯಲಿನಲ್ಲಿ 10 ಮೀಟರು ಎತ್ತರದಲ್ಲಿ ಅಳೆಯುತ್ತವೆ. ಮಾಳಿಗೆಯ ಮೇಲಾದರೋ ಕೈಪಿಡಿ ಗೋಡೆಗೆ ತಾಗಿದ ಗಾಳಿ ಸುಳಿಸುತ್ತಿರುತ್ತದೆ. ಗಾಳಿಯಳತೆಗೆಂದು ಕಬ್ಬಿಣದ ಕಂಬವನ್ನು ಮನೆಯ ಅತಿ ಎತ್ತರದ ವಸ್ತುವಾಗಿ ನಿಲ್ಲಿಸುವುದೂ, ಗುಡುಗು ಕೇಳಿದ ಮೇಲೆ ಯಂತ್ರವನ್ನು ನೋಡಲು ಮಾಳಿಗೆ ಹತ್ತುವುದೂ ಸಿಡಿಲನ್ನು ಕರೆದಂತೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗಳಲ್ಲಿ ಈ ಮಾತನ್ನು ಮನೆಯ ಹುಡುಗರಿಗೆ ಖಂಡಿತವಾಗಿ ಹೇಳಿರಬೇಕು.

ಮೋಡದ ಚಿತ್ರವನ್ನು ನಂಬಬಹುದೆ?

ಪೆಟ್ಟಿಗೆಯ ಮುಖದ ಮೇಲೆ ಸೂರ್ಯ, ಮೋಡ, ಹನಿಗಳ ಚಿತ್ರವೊಂದು ಮೂಡುತ್ತದೆ. ಮನೆಯವರ ಕಣ್ಣು ಮೊದಲು ಹೋಗುವುದು ಅದರ ಕಡೆಗೇ. ಅದು ಎಲ್ಲಿಂದಲೋ ಬಂದ ಮುನ್ಸೂಚನೆಯಲ್ಲ. ಪೆಟ್ಟಿಗೆಯೊಳಗಿನ ವಾಯುಭಾರಮಾಪಕವು ವಾಯುಭಾರ ಇಳಿಯಿತೆಂದರೆ ಮಳೆಯೆಂದೂ ಏರಿತೆಂದರೆ ಬಿಸಿಲೆಂದೂ ಚಿತ್ರ ಬರೆಯುತ್ತದೆ. ಈ ಸೂತ್ರ ಯೂರೋಪಿನಂಥ ದೇಶಗಳಿಗೆ ಹೊಂದುವುದು. ನಮ್ಮ ಉಷ್ಣವಲಯದಲ್ಲಿ ವಾಯುಭಾರಕ್ಕೆ ದಿನಕ್ಕೆರಡು ಸಲ ಉಬ್ಬರವಿಳಿತವಿದೆ. ಬೆಳಗಿನ ಮತ್ತು ರಾತ್ರಿಯ ಹತ್ತರ ಸುಮಾರಿಗೆ ಏರು, ನಸುಕಿನ ಮತ್ತು ಸಂಜೆಯ ನಾಲ್ಕರ ಸುಮಾರಿಗೆ ಇಳಿತ. ಹಗಲಿನ ಇಳಿತ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಆಗುವುದುಂಟು. ಆದುದರಿಂದ ಒಂದು ಮೋಡವೂ ಇಲ್ಲದ ಮಾರ್ಚಿ ತಿಂಗಳ ಸಂಜೆ ಪೆಟ್ಟಿಗೆ ಮಳೆಹನಿ ತೋರಿಸಿದರೆ ಅಚ್ಚರಿಯಿಲ್ಲ.

ಇದಕ್ಕೆ ಪರಿಹಾರವೂ ಇದೆ. ಇಂದಿನ ಬೆಳಗಿನ ಹತ್ತು ಗಂಟೆಯ ಅಂಕಿಯನ್ನು ನಿನ್ನೆಯ ಹತ್ತು ಗಂಟೆಯ ಅಂಕಿಯೊಡನೆ ಹೋಲಿಸಿರಿ. ಎರಡು ಮೂರು ದಿನ ಒಂದೇ ಸಮನೆ ಇಳಿಯುತ್ತ ಬಂದರೆ ಆಗ ಅರ್ಥವಿದೆ. ಬಂಗಾಳ ಕೊಲ್ಲಿಯ ಕಡೆಯ ವಾಯುಭಾರ ಕುಸಿತವೊಂದು ಇತ್ತ ಸರಿಯುತ್ತಿರಬಹುದು. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ನಮ್ಮ ಜಿಲ್ಲೆಯನ್ನೂ ನೆರೆಯ ಜಿಲ್ಲೆಗಳನ್ನೂ ಮುಳುಗಿಸಿದ ಮಳೆ ಅಂಥ ವಿಶಾಲ ವ್ಯವಸ್ಥೆಯ ಮಳೆ. ಅಂಥ ಹೊತ್ತಿನಲ್ಲಿ ಪೆಟ್ಟಿಗೆಯ ಚಿತ್ರಕ್ಕೆ ಕಾಯದೆ ರೇಡಿಯೋದ ಎಚ್ಚರಿಕೆಗೆ ಕಿವಿಗೊಡಬೇಕು. ವಾಯುಭಾರದ ಅಂಕಿಯನ್ನು ಸಮುದ್ರಮಟ್ಟಕ್ಕೆ ಹೊಂದಿಸಿಕೊಳ್ಳುವುದೂ ಅಗತ್ಯ. ಸುಮಾರು 9 ಮೀಟರು ಏರಿದರೆ 1 ಹೆಕ್ಟೋಪಾಸ್ಕಲ್ ಕಡಿಮೆ; ಸುಮಾರು 400 ಮೀಟರು ಎತ್ತರದ ನಮ್ಮ ಸೀಮೆಯಲ್ಲಿ ಪೆಟ್ಟಿಗೆ 965 ತೋರಿದರೆ ಸಮುದ್ರಮಟ್ಟದ ಲೆಕ್ಕದಲ್ಲಿ ಅದು ಸುಮಾರು 1,010.

ಪುಸ್ತಕದಲ್ಲಿ ಬರೆದಿಡಿ

ಯಂತ್ರ ಅಳೆಯುತ್ತದೆ, ನೆನಪಿಡುವವರು ನಾವು. ಇದಕ್ಕೆಂದೇ ಒಂದು ನೋಟ್‌ಬುಕ್ಕನ್ನು ಪೆಟ್ಟಿಗೆಯ ಪಕ್ಕದಲ್ಲಿ ಇಡಿರಿ. ಹವಾಮಾನ ಇಲಾಖೆಯವರು ಬೆಳಗ್ಗೆ ಎಂಟೂವರೆಗೆ ಹಿಂದಿನ 24 ಗಂಟೆಗಳ ಮಳೆಯನ್ನು ಬರೆಯುತ್ತಾರೆ. ನೀವೂ ಅದೇ ಹೊತ್ತಿಗೆ ಬರೆದರೆ ರೇಡಿಯೋದ ಅಂಕಿಯೊಡನೆ ಹೋಲಿಸಬಹುದು. ತಾರೀಖು, ಮಳೆ, ಹಿಂದಿನ ದಿನದ ಅತಿ ಹೆಚ್ಚು, ಆ ದಿನದ ಅತಿ ಕಡಿಮೆ ಉಷ್ಣಾಂಶ ಇಷ್ಟು ಸಾಕು. ಜೊತೆಗೆ ಮಳೆಯ ನಕ್ಷತ್ರವನ್ನೂ ಬರೆಯಿರಿ. ರೋಹಿಣಿ, ಮಿರುಗ, ಆರಿದ್ರೆಗಳ ಲೆಕ್ಕ ಸೂರ್ಯನ ನಡೆಯನ್ನೇ ಅನುಸರಿಸಿದ್ದು, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮನೆಯ ಅಜ್ಜನಿಗೆ ಜೂನ್ 8 ಎಂದರೆ ಏನೂ ನೆನಪಾಗದಿರಬಹುದು, ಮಿರುಗ ಕೂಡಿತೆಂದರೆ ಎಲ್ಲವೂ ನೆನಪಾಗುತ್ತದೆ. ಹತ್ತು ವರ್ಷ ಬರೆದ ಮೇಲೆ, ಈಗ ಮಿರುಗದ ಮಳೆ ಮೊದಲಿನಂತಿಲ್ಲ ಎಂಬ ಮಾತು ನಮ್ಮ ಊರಿನ ಮಟ್ಟಿಗೆ ನಿಜವೋ ಅಲ್ಲವೋ ಆ ಪುಸ್ತಕವೇ ಹೇಳೀತು.

ಮಳೆಯಿಲ್ಲದ ದಿನ ಜಾಗ ಖಾಲಿ ಬಿಡದೆ ಸೊನ್ನೆ ಬರೆಯಬೇಕು; ಸೊನ್ನೆಯೂ ಒಂದು ಅಳತೆ. ನೋಡಲಾಗದ ದಿನ ‘ನೋಡಿಲ್ಲ’ ಎಂದು ಬರೆಯಬೇಕು. ಅಂದಾಜಿನಿಂದ ತುಂಬಿದ ಒಂದು ಅಂಕಿ ಉಳಿದವುಗಳ ಮೇಲೂ ಸಂಶಯ ತರುತ್ತದೆ. 2.5 ಮಿಲಿಮೀಟರು ಮುಟ್ಟಿದರೆ ಮಾತ್ರ ಇಲಾಖೆಯ ಲೆಕ್ಕದಲ್ಲಿ ಅದು ಮಳೆಯ ದಿನ, 64.5 ದಾಟಿದರೆ ಭಾರಿ ಮಳೆ. 1 ಮಿಲಿಮೀಟರು ಮಳೆಯೆಂದರೆ ಒಂದು ಎಕರೆ ಹೊಲಕ್ಕೆ ಸುಮಾರು 4,000 ಲೀಟರು ನೀರು. ಈ ಗುಣಾಕಾರವನ್ನು ಮಕ್ಕಳ ಕೈಯಲ್ಲಿ ಮಾಡಿಸಿದರೆ, ಶಾಲೆಯ ಲೆಕ್ಕ ಹೊಲಕ್ಕೂ ಸಂಬಂಧಿಸಿದ್ದೆಂದು ಅವರಿಗೆ ತಾನಾಗಿ ತಿಳಿಯುತ್ತದೆ.

ಹೋಬಳಿ ಕೇಂದ್ರದ ಮಳೆಗೂ ನಿಮ್ಮ ಮಳೆಗೂ ವ್ಯತ್ಯಾಸ ಬಂದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಾರೆಂದು ಭಾವಿಸಬಾರದು; ತುಂಡು ಮಳೆಯ ನಾಡಿನಲ್ಲಿ ಎರಡೂ ನಿಜವಾಗಿರಬಹುದು. ಆದರೆ ಉಷ್ಣಾಂಶದಲ್ಲಿ ದಿನಾಲೂ ನಾಲ್ಕೈದು ಡಿಗ್ರಿ ಹೆಚ್ಚು ಬಂದರೆ ನಿಮ್ಮ ಸೆನ್ಸರಿನ ನೆರಳನ್ನು ಪರೀಕ್ಷಿಸಿರಿ. ಹವಾಮಾನ ಆಧಾರಿತ ಬೆಳೆ ವಿಮೆಯ ಹಣಕ್ಕೆ ಗೊತ್ತುಪಡಿಸಿದ ಅಧಿಕೃತ ಕೇಂದ್ರದ ಅಂಕಿಯೇ ಆಧಾರ. ಮನೆಯ ಪುಸ್ತಕ ಅಲ್ಲಿ ಸಾಕ್ಷಿಯಾಗಲಾರದು. ಆದರೂ ಶ್ರದ್ಧೆಯಿಂದ ಬರೆದ ಪುಸ್ತಕ ಕೈಯಲ್ಲಿದ್ದವನು ಅಧಿಕಾರಿಗಳ ಮುಂದೆ ಯಾವ ದಿನ, ಎಷ್ಟು ಎಂದು ನಿಖರವಾಗಿ ಪ್ರಶ್ನೆ ಕೇಳಬಲ್ಲ. ಬಿತ್ತುವ ಮುನ್ನ ನಾಲ್ಕು ದಿನ ಕಾಯಬಲ್ಲ. ಭತ್ತ ಒಣಹಾಕಿದ ದಿನ ತಾಡಪಾಲನ್ನು ಕೈಗೆ ಎಟುಕುವಲ್ಲಿ ಇಟ್ಟುಕೊಳ್ಳಬಲ್ಲ. ಮನೆಯಲ್ಲಿ ಅಕ್ಷರ ಚೆನ್ನಾಗಿ ಬರೆಯುವ ಮಗುವೊಂದಿದ್ದರೆ ಈ ಪುಸ್ತಕವನ್ನು ಅದರ ಕೈಗೆ ಒಪ್ಪಿಸಿ, ನಾಳೆ ಬೆಳಗ್ಗೆ ಎಂಟೂವರೆಯಿಂದಲೇ ಆರಂಭಿಸಬಹುದು.